2,140 ಗಂಟೆ, ಆಮೇಲೆ ಸೊನ್ನೆ ಗಂಟೆ

ಇಲ್ಲಿ ಬರೆಯದೆ ಸುಮಾರು ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಊರಿಗೆ ಓಡಾಟ ಅಂತೆಲ್ಲ ನೆಪ ಹೇಳಬಹುದು. ನಿಜ ಏನಂದ್ರೆ ಸೋಮಾರಿತನ. ಈಗ ಬರೆಯೋಕೆ ಕೂತಿರೋದು ನನ್ನ ಚಿಕ್ಕಪ್ಪನ ಮಗನಿಂದಾಗಿ. ಸರಿಯಾಗಿ ಹೇಳಬೇಕಂದ್ರೆ, ಅವನ ಮೇಲೆ ನಾನು ಹೊರಿಸಿದ ಅಪವಾದದಿಂದಾಗಿ.

ನಾವು ಅಣ್ಣತಮ್ಮಂದಿರು ಐದಾರು ಜನ ಸ್ಟೀಮ್‌ನಲ್ಲಿ ಆಟ ಆಡ್ತೀವಿ. ಯಾರು ಎಷ್ಟು ಗಂಟೆ ಆಡಿದ್ದಾರೆ ಅಂತ ಸಾಲಾಗಿ ತೋರಿಸೋ ಒಂದು ಪುಟ್ಟ ಪುಟ ಮಾಡಿದ್ದೆ, ಸುಮ್ಮನೆ ತಮಾಷೆಗೆ. ದೀಪಾವಳಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅದನ್ನೇ ನೋಡ್ತಿದ್ದೆ. ಚಿಕ್ಕಪ್ಪ ಕಾಫಿ ಲೋಟ ಹಿಡ್ಕೊಂಡು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಏನೋ ಅದು, ಇವನ ಹೆಸರಿನ ಮುಂದೆ 2,140?"

"ಆಟ ಆಡಿದ ಗಂಟೆ ಚಿಕ್ಕಪ್ಪ."

ಚಿಕ್ಕಪ್ಪ ಬಾಯಲ್ಲೇ ಲೆಕ್ಕ ಹಾಕಿದ್ರು. 89 ದಿನ, ಊಟ ನಿದ್ದೆ ಏನೂ ಇಲ್ಲದೆ. ಹುಡುಗ ಎರಡನೇ ಪಿಯುಸಿ. "ಅಣ್ಣಾ, ದೇವರಾಣೆಗೂ ನಾನು ಅಷ್ಟು ಆಡಿಲ್ಲ" ಅಂತ ಅವನು ಅಂದ. ನಾನು ಮಹಾ ಇಂಜಿನಿಯರ್ರು, "ಸರ್ವರ್ ಸುಳ್ಳು ಹೇಳಲ್ಲ ಕಣೋ" ಅಂದೆ. ಅವತ್ತು ಸಂಜೆಯೇ ಅವನ ಲ್ಯಾಪ್‌ಟಾಪು ಬೀರುವಿನೊಳಗೆ ಹೋಯ್ತು.

ಬೆಂಗಳೂರಿಗೆ ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಒಬ್ಬ ಆಟಗಾರನ ಬಗ್ಗೆ ಒಂದು ಸಂಖ್ಯೆ ಎಲ್ಲೋ ದೂರದ ಸರ್ವರಿನಿಂದ ನಮ್ಮ ಪರದೆಗೆ ಬರೋದು ಯಾವಾಗ ಶುರುವಾಯ್ತು, ಹೇಗೆ ಬರತ್ತೆ ಅಂತ ಹುಡುಕ್ತಾ ಹೋದೆ. ಈ ಚರಿತ್ರೆಯಲ್ಲಿ ನನ್ನ ತಪ್ಪು ನನಗಿಂತ ಹಳೇದು ಅಂತ ಗೊತ್ತಾಯ್ತು!

ಶುರು ಮಾಡಬೇಕಾದ್ದು ಚದುರಂಗದಿಂದ. 1992ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ಶುರುವಾಯ್ತು. ವೆಬ್ ಬ್ರೌಸರ್ ಎಲ್ಲ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಟೆಲ್ನೆಟ್‌ನಲ್ಲಿ ಹೋಗಿ, ಬರೀ ಅಕ್ಷರಗಳಲ್ಲಿ ಬಿಡಿಸಿದ ಮಣೆಯ ಮೇಲೆ ಆಡಬೇಕು. 1995ರಲ್ಲಿ ಅದು ಹಣ ಕಟ್ಟಿ ಆಡೋ ಇಂಟರ್ನೆಟ್ ಚೆಸ್ ಕ್ಲಬ್ ಆದಾಗ, ಸಿಟ್ಟಾದ ಕೆಲವರು ಹೊರಬಂದು ಫ್ರೀ ಇಂಟರ್ನೆಟ್ ಚೆಸ್ ಸರ್ವರ್ ಕಟ್ಟಿದ್ರು. ಅಲ್ಲಿ 'ಫಿಂಗರ್' ಅಂತ ಟೈಪ್ ಮಾಡಿ ಯಾರದ್ದಾದ್ರೂ ಹೆಸರು ಕೊಟ್ಟರೆ ಅವರ ರೇಟಿಂಗ್, ಗೆಲುವು, ಸೋಲು, ಡ್ರಾ ಎಲ್ಲ ಕಂಬ ಕಂಬವಾಗಿ ಬರ್ತಿತ್ತು. (ರೇಟಿಂಗ್ ಅನ್ನೋ ಯೋಚನೆಯನ್ನ ನೆಲೆಗೊಳಿಸಿದ್ದು ಅರ್ಪಾದ್ ಎಲೋ ಅನ್ನೋ ಭೌತಶಾಸ್ತ್ರದ ಮೇಷ್ಟ್ರು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಅವರ ಲೆಕ್ಕವನ್ನ 1970ರಲ್ಲಿ ಒಪ್ಪಿಕೊಳ್ತು.)

ನನಗೆ ತುಂಬಾ ಹಿಡಿಸಿದ್ದು ಆ ಉಚಿತ ಸರ್ವರಿನ ಒಂದು ಸಣ್ಣ ಪದ್ಧತಿ. ಹೆಸರು ನೋಂದಾಯಿಸದೆ ಅತಿಥಿಯಾಗಿ ಬಂದವರ ರೇಟಿಂಗ್ ಜಾಗದಲ್ಲಿ ++++ ಅಂತ ಇರ್ತಿತ್ತು. ನೋಂದಾಯಿಸಿಯೂ ಇನ್ನೂ ರೇಟಿಂಗ್ ಬರದವರಿಗೆ ----. ನೋಡಿ ಎಷ್ಟು ಚೆನ್ನಾಗಿದೆ! 'ಈತ ಯಾರೋ ಗೊತ್ತಿಲ್ಲ' ಬೇರೆ, 'ಗೊತ್ತು, ಆದ್ರೆ ಲೆಕ್ಕ ಇನ್ನೂ ಇಲ್ಲ' ಬೇರೆ, ಸೊನ್ನೆ ಮತ್ತೂ ಬೇರೆ. ಮನುಷ್ಯ ಓದಲಿ ಅಂತ ಬರೆದ ಪಠ್ಯ ಅದು. ಓದಿದವನಿಗೆ ಗೊಂದಲವೇ ಇಲ್ಲ.

ಗೊಂದಲ ಬರೋದು ಪ್ರೋಗ್ರಾಮು ಓದೋಕೆ ಕೂತಾಗ. ಸಿ ಭಾಷೆಯಲ್ಲಿ ಅಕ್ಷರಗಳನ್ನ ಸಂಖ್ಯೆ ಮಾಡೋ 'ಎಟುಐ' ಅನ್ನೋ ಹಳೇ ಫಂಕ್ಷನ್ ಇದೆ. ಅದಕ್ಕೆ 1650 ಕೊಟ್ಟರೆ 1650 ಕೊಡತ್ತೆ. ++++ ಕೊಟ್ಟರೆ? ಸೊನ್ನೆ. ---- ಕೊಟ್ಟರೆ? ಅದಕ್ಕೂ ಸೊನ್ನೆ. ಒಂದು ಎಚ್ಚರಿಕೆಯ ಮಾತೂ ಇಲ್ಲ. ಅಲ್ಲಿದ್ದ ಮೂರು ಬೇರೆ ಬೇರೆ ಅರ್ಥ ಒಂದೇ ಸಾಲಿನ ಕೋಡಿನಲ್ಲಿ ಒಂದಾಗಿ ಹೋಯ್ತು.

ಚದುರಂಗದಿಂದ ಬಂದೂಕಿಗೆ ಬರೋಣ. 1996ರಲ್ಲಿ ಕ್ವೇಕ್ ಬಂತು, ವರ್ಷದ ಕೊನೆಗೆ ಇಂಟರ್ನೆಟ್‌ಗೆಂದೇ ಹದಗೊಳಿಸಿದ ಕ್ವೇಕ್‌ವರ್ಲ್ಡ್ ಕೂಡ ಬಂತು. ಕ್ವೇಕ್‌ವರ್ಲ್ಡ್ ಸರ್ವರಿಗೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿ 'ಸ್ಟೇಟಸ್' ಅಂದ್ರೆ, ಆ ಕ್ಷಣ ಆಡ್ತಿರೋರ ಹೆಸರು, ಎಷ್ಟು ಜನರನ್ನ ಕೊಂದಿದ್ದಾರೆ, ಪಿಂಗ್ ಎಷ್ಟು ಅಂತ ಉತ್ತರ ಬರ್ತಿತ್ತು. ಆದ್ರೆ ಗುರುತು ಅಂದ್ರೆ ಬರೀ ಹೆಸರು. 1997ರಲ್ಲಿ ಕ್ವೇಕ್ ಪಂದ್ಯ ಗೆದ್ದು ಜಾನ್ ಕಾರ್ಮ್ಯಾಕ್‌ನ ಫೆರಾರಿಯನ್ನೇ ಬಹುಮಾನವಾಗಿ ಪಡೆದ ಥ್ರೆಶ್ ಅನ್ನೋ ಹೆಸರನ್ನ ಯಾರು ಬೇಕಾದ್ರೂ ಇಟ್ಕೊಂಡು ಆಡಬಹುದಿತ್ತು. ಸಂಖ್ಯೆ ಸರಿಯೇ, ಯಾರದ್ದು ಅಂತ ಮಾತ್ರ ಕೇಳಬೇಡಿ.

ಇನ್ನೊಂದು ಮಜಾ ಇದೆ. ಕ್ವೇಕ್‌ನಲ್ಲಿ ನಿಮ್ಮ ರಾಕೆಟ್ಟಿಗೆ ನೀವೇ ಸತ್ತರೆ ಒಂದು ಅಂಕ ಕಳೀತಾರೆ. ಹಾಗಾಗಿ ಅಂಕ ಋಣ ಸಂಖ್ಯೆಯೂ ಆಗಬಹುದು. -1 ಅನ್ನು 32 ಬಿಟ್‌ನಲ್ಲಿ ಬರೆದು, ಓದೋ ಪ್ರೋಗ್ರಾಮು 'ಋಣ ಸಂಖ್ಯೆ ಇರೋದೇ ಇಲ್ಲ' ಅನ್ನೋ ಟೈಪಿನಿಂದ ಓದಿದರೆ ಅದು 4294967295 ಆಗತ್ತೆ. ತನ್ನನ್ನೇ ಸುಟ್ಕೊಂಡ ಬಡಪಾಯಿ ಲೋಕದ ನಂಬರ್ ಒನ್ ವೀರ! ಈ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಆಮೇಲಿನ ಕತೆ ಬೇಗ ಹೇಳಿಬಿಡ್ತೀನಿ. 2003ರಲ್ಲಿ ಸ್ಟೀಮ್ ಬಂದು ಆಟಗಾರನಿಗೆ ಹೆಸರಲ್ಲದ ಒಂದು ಶಾಶ್ವತ ಸಂಖ್ಯೆ ಸಿಕ್ತು. 2004ರ ನವೆಂಬರಿನಲ್ಲಿ ಹೇಲೋ 2 ಬಂದಾಗ ಪ್ರತಿ ಪಂದ್ಯದ ಅಂಕಿ ಅಂಶ ಬಂಜೀಯ ಜಾಲತಾಣದಲ್ಲೇ ಕಾಣಿಸ್ತಿತ್ತು. ಮುಂದೆ ಸ್ಟೀಮ್ ಅಂಕಿ ಅಂಶಗಳನ್ನ ಕೊಡೋಕೆಂದೇ ವೆಬ್ ಎಪಿಐ ತೆರೆಯಿತು: ಒಂದು ಕೀಲಿ, ದಿನಕ್ಕೆ ಒಂದು ಲಕ್ಷ ವಿನಂತಿ, ಉತ್ತರ ಜೇಸನ್‌ನಲ್ಲಿ. ನನ್ನ ಪುಟ ಬದುಕಿರೋದು ಇದರ ಮೇಲೆ. ಆಡಿದ ಸಮಯ ನಿಮಿಷದಲ್ಲಿ ಬರತ್ತೆ, ಅರವತ್ತರಿಂದ ಭಾಗಿಸಿದರೆ ಗಂಟೆ.

ಈಗ ಟೈಪಿನ ವಿಷಯ. ಗೊತ್ತಿಲ್ಲದವರಿಗೆ: ಟೈಪು ಅಂದ್ರೆ ಅಡುಗೆಮನೆಯ ಡಬ್ಬದ ಮೇಲೆ ಅಂಟಿಸಿದ ಚೀಟಿ. ಇದರಲ್ಲಿ ಸಂಖ್ಯೆ ಇದೆ, ಇದರಲ್ಲಿ ಅಕ್ಷರ ಇದೆ ಅಂತ ಮೊದಲೇ ಬರೆದಿಟ್ಟರೆ, ಸಕ್ಕರೆ ಹಾಕೋ ಕಡೆ ಉಪ್ಪು ಹಾಕೋಕೆ ಹೊರಟಾಗ ಕಂಪೈಲರ್ ಕೈ ಹಿಡಿಯತ್ತೆ. ಜಾವಾಸ್ಕ್ರಿಪ್ಟಿನಲ್ಲಿ ಈ ಚೀಟಿ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟನ್ನ ಹೊರತಂದು ಚೀಟಿ ಅಂಟಿಸಿತು. ಅಲ್ಲಿಂದ ಮುಂದೆ ಯಾವ ಆಟದ ಎಪಿಐ ತಗೊಂಡ್ರೂ ಅದಕ್ಕೊಂದು ಟೈಪು ಕಟ್ಟಿದ ಲೈಬ್ರರಿ ಬರೆಯೋದು ನಮ್ಮಂಥವರ ಶನಿವಾರದ ಕೆಲಸ ಆಯ್ತು. ನಾನೂ ನನ್ನ ಪುಟಕ್ಕೆ ಒಂದು ಬರೆದಿದ್ದೆ. ಎಡಿಟರಿನಲ್ಲಿ ಒಂದು ಚುಕ್ಕಿ ಹಾಕಿದ್ರೆ ಸಾಕು, ಏನೇನು ಸಿಗತ್ತೆ ಅಂತ ಪಟ್ಟಿ ಬರತ್ತೆ. ಆ ಸುಖ ಅನುಭವಿಸಿದವರಿಗೇ ಗೊತ್ತು.

ಆದ್ರೆ ಚೀಟಿಗೆ ಎಷ್ಟು ಗೊತ್ತಿರತ್ತೆ? ನಮ್ಮ ಬಿ.ಎಸ್. ಚಂದ್ರಶೇಖರ್ 58 ಟೆಸ್ಟಿನಲ್ಲಿ 242 ವಿಕೆಟ್ ತೆಗೆದು ಹೊಡೆದದ್ದು 167 ರನ್. ವಿಕೆಟ್ಟಿನ ಜಾಗದಲ್ಲಿ ರನ್, ರನ್ನಿನ ಜಾಗದಲ್ಲಿ ವಿಕೆಟ್ ಬರೆದ್ರೆ ಟೈಪು ಏನೂ ಅನ್ನಲ್ಲ, ಎರಡೂ ಸಂಖ್ಯೆಯೇ ತಾನೇ. ಇನ್ನೂ ದೊಡ್ಡ ವಿಷಯ ಅಂದ್ರೆ, ಟೈಪ್‌ಸ್ಕ್ರಿಪ್ಟಿನ ಚೀಟಿಗಳೆಲ್ಲ ಕೋಡು ಓಡುವ ಮೊದಲೇ ಕಿತ್ತುಹೋಗತ್ತೆ. ಸರ್ವರಿನಿಂದ ಅಥವಾ ಫೈಲಿನಿಂದ ಏನು ಬಂತು ಅಂತ ಡಬ್ಬ ತೆಗೆದು ನೋಡೋರು ಯಾರೂ ಇಲ್ಲ, ನೀವೇ ನೋಡದ ಹೊರತು.

ನನ್ನ ಮೊದಲ ತಪ್ಪು ಇಲ್ಲೇ ಆದದ್ದು. ಸ್ಟೀಮ್‌ನ ಗುರುತು ಸಂಖ್ಯೆ 17 ಅಂಕೆಯದ್ದು, ಸ್ಟೀಮ್ ಅದನ್ನ ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿಯೇ ಕಳಿಸತ್ತೆ. ಕಾರಣ ಇದೆ: ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗೆ 9007199254740992 ದಾಟಿದ ಮೇಲೆ ಪ್ರತಿಯೊಂದು ಪೂರ್ಣಾಂಕವನ್ನೂ ಹಿಡಿಯೋಕಾಗಲ್ಲ. ಸ್ಟೀಮ್ ಸಂಖ್ಯೆ ಇರೋ ಎತ್ತರದಲ್ಲಿ ಅದು 16 ಮನೆಗೊಂದು ಸ್ಟಾಪ್ ಇರೋ ಬಸ್ಸಿನ ಥರ. ಬೇಕಿದ್ರೆ ನಿಮ್ಮ ಬ್ರೌಸರಿನ ಕನ್ಸೋಲಿನಲ್ಲಿ ಸ್ಟೀಮ್ ಲೆಕ್ಕ ಶುರುವಾಗೋ 76561197960265728 ಅನ್ನು ಹಾಗೇ ಹಾಕಿ ನೋಡಿ, 76561197960265730 ಅಂತ ವಾಪಸ್ ಕೊಡತ್ತೆ. ಎಲ್ಲರ ಸಂಖ್ಯೆಯನ್ನೂ ನಾನು ಸರಿಯಾಗಿ ಚಿಹ್ನೆಯೊಳಗೆ ಹಾಕಿದ್ದೆ. ಹುಡುಗನದ್ದನ್ನ ಮಾತ್ರ ಆಮೇಲೆ, ಫೋನು ನೋಡ್ಕೊಂಡು ಅವಸರದಲ್ಲಿ, ಚಿಹ್ನೆ ಇಲ್ಲದೆ ಸೇರಿಸಿದ್ದೆ. ಟೈಪಿನಲ್ಲಿ 'ಸ್ಟ್ರಿಂಗ್' ಅಂತಲೇ ಇತ್ತು. ಫೈಲಿನೊಳಗೆ ಇದ್ದದ್ದು ನಂಬರು. ಅವನ ಸಂಖ್ಯೆಯ ಕೊನೆಯ ಅಂಕೆ ಸದ್ದಿಲ್ಲದೆ ಸೊನ್ನೆಯಾಗಿ, ಅವನು ಖಾತೆ ತೆರೆದ ಹೊತ್ತಿಗೇ ಪ್ರಪಂಚದ ಇನ್ಯಾವುದೋ ಮೂಲೆಯಲ್ಲಿ ಖಾತೆ ತೆರೆದ ಒಬ್ಬರ 2,140 ಗಂಟೆ ನಮ್ಮ ಜಗಲಿಗೆ ಬಂತು. ಗಂಟೆಯ ಉತ್ತರದಲ್ಲಿ ಹೆಸರು ಇರಲ್ಲ, ಹಾಗಾಗಿ ನನಗೆ ಅನುಮಾನವೂ ಬರಲಿಲ್ಲ.

ಸರಿ, ಚಿಹ್ನೆ ಹಾಕಿದೆ. ಈಗ ಅವನ ಹೆಸರಿನ ಮುಂದೆ 0 ಬಂತು. ಖುಷಿಯಿಂದ ಚಿಕ್ಕಪ್ಪನಿಗೆ ಫೋನ್ ಮಾಡಿ "ಅವನು ಆಡೇ ಇಲ್ಲ" ಅಂದೆ. ಹುಡುಗ ಆ ಕಡೆಯಿಂದ ಏನೂ ಮಾತಾಡಲಿಲ್ಲ. ಅವನ ಮೌನ ಕೇಳಿ ಮತ್ತೆ ಕೋಡು ತೆಗೆದೆ.

2018ರ ಏಪ್ರಿಲ್‌ನಲ್ಲಿ ಸ್ಟೀಮ್ ತನ್ನ ಖಾಸಗಿ ನಿಯಮ ಬದಲಾಯಿಸಿ, ಆಟದ ವಿವರಗಳನ್ನ ತಾನಾಗಿಯೇ ಮುಚ್ಚಿಡತೊಡಗಿತು. ಮುಚ್ಚಿದ ಖಾತೆಯ ಗಂಟೆ ಕೇಳಿದ್ರೆ 'ಇಲ್ಲ' ಅಂತಲೂ ಬರಲ್ಲ, ಒಂದು ಖಾಲಿ ಆವರಣ ಬರತ್ತೆ ಅಷ್ಟೇ. ನನ್ನ ಟೈಪಿನಲ್ಲಿ ಆಟದ ಪಟ್ಟಿ ಯಾವಾಗಲೂ ಇರತ್ತೆ ಅಂತ ಬರೆದಿದ್ದೆ. ಹಿಂದೊಮ್ಮೆ ಪುಟದಲ್ಲಿ 'ಇದು ಸಂಖ್ಯೆಯೇ ಅಲ್ಲ' ಅನ್ನೋ ಅರ್ಥದ ಎನ್ಎಎನ್ ಕಂಡಿತ್ತು. ಅಸಹ್ಯವಾಗಿ ಕಾಣತ್ತೆ ಅಂತ 'ಏನೂ ಸಿಗದಿದ್ದರೆ ಸೊನ್ನೆ' ಅಂತ ಸೇರಿಸಿ ಮರೆತಿದ್ದೆ. ಹಳೇ ಸಿ ಫಂಕ್ಷನ್ ++++ಗೆ ಮಾಡಿದ್ದನ್ನೇ ನಾನೂ ಮಾಡಿದ್ದೆ, ಅದೂ ಟೈಪು ಎಲ್ಲ ಕಟ್ಕೊಂಡು. ಯಂತ್ರ ಬೇಡ ಅಂತ ಕೂಗಿತ್ತು, ನಾನೇ ಬಾಯಿ ಮುಚ್ಚಿಸಿದ್ದು. 'ನಲ್' ಅನ್ನು 1965ರಲ್ಲಿ ತಂದ ಟೋನಿ ಹೋರ್, 2009ರಲ್ಲಿ ಅದನ್ನ ತನ್ನ ನೂರು ಕೋಟಿ ಡಾಲರಿನ ತಪ್ಪು ಅಂದಿದ್ದರು. ನನ್ನದು ಅಷ್ಟು ದುಬಾರಿ ಅಲ್ಲ ಬಿಡಿ, ಒಂದು ಲ್ಯಾಪ್‌ಟಾಪಿನದ್ದು.

ಡೋಟಾ 2ರವರು ಇದನ್ನೇ ಬೇರೆ ಥರ ಮಾಡಿದ್ದಾರೆ. ತನ್ನ ಪಂದ್ಯದ ವಿವರ ಬಿಟ್ಟುಕೊಡದ ಆಟಗಾರನ ಖಾತೆ ಸಂಖ್ಯೆಯ ಜಾಗದಲ್ಲಿ ಒಂದು ಸಂಖ್ಯೆ ಬರತ್ತೆ. ಯಾವುದು ಗೊತ್ತಾ? 4294967295! ಗೊತ್ತಿಲ್ಲದ ಲೈಬ್ರರಿಗೆ ಇದೂ ಒಂದು ಸರಿಯಾದ ಸಂಖ್ಯೆಯೇ. ಲೆಕ್ಕ ಕೂಡಿಸಿದ್ರೆ ಎಲ್ಲ ಪಂದ್ಯದಲ್ಲೂ ಎರಡೂ ಕಡೆ ಆಡೋ ಒಬ್ಬ ಮಹಾನುಭಾವ ಹುಟ್ಕೊಳ್ತಾನೆ. ಆದ್ರೂ ಸೊನ್ನೆಗಿಂತ ವಾಸಿ ಅನ್ನಿಸ್ತು ನನಗೆ, ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗತ್ತಲ್ಲ. ಸೊನ್ನೆ ಮುಖ ನೋಡಿದ್ರೆ ಹಾಗೆ ಅನ್ನಿಸಲ್ಲ.

ಟೈಪನ್ನ ಬದಲಾಯಿಸಿದ್ದೀನಿ. ಈಗ ಅದರಲ್ಲಿ ಎರಡೇ ದಾರಿ: ಒಂದೋ 'ತೆರೆದಿದೆ' ಮತ್ತು ಗಂಟೆ, ಇಲ್ಲಾಂದ್ರೆ 'ಮುಚ್ಚಿದೆ'. ಎರಡನ್ನೂ ವಿಚಾರಿಸದೆ ಮುಂದೆ ಹೋಗೋಕೆ ಕಂಪೈಲರ್ ಬಿಡಲ್ಲ. ಫೈಲು ಓದುವಾಗಲೂ ಡಬ್ಬ ತೆಗೆದು ನೋಡ್ತೀನಿ.

ಚಿಕ್ಕಪ್ಪನಿಗೆ ಮತ್ತೆ ಫೋನ್ ಮಾಡಿ ಎರಡು ಲೆಕ್ಕವೂ ನನ್ನ ತಪ್ಪು ಅಂತ ಒಪ್ಪಿಕೊಂಡೆ.

"ಹಾಗಾದ್ರೆ ನಿಜವಾಗಿ ಎಷ್ಟು ಗಂಟೆನೋ?"

"ಅದು ನನಗೂ ಕಾಣಲ್ಲ ಚಿಕ್ಕಪ್ಪ. ಅವನನ್ನೇ ಕೇಳಬೇಕು."

ಕೇಳಿದರೋ ಇಲ್ಲವೋ, ನಾನು ವಿಚಾರಿಸಲಿಲ್ಲ. ನನ್ನ ಪುಟದಲ್ಲಿ ಅವನ ಹೆಸರಿನ ಮುಂದೆ ಈಗ ---- ಅಂತ ಇದೆ. ಲ್ಯಾಪ್‌ಟಾಪು ಬೀರುವಿನಿಂದ ಹೊರಗೆ ಬಂದಿದೆಯಂತೆ. ಚಾರ್ಜರ್ ಮಾತ್ರ ಪರೀಕ್ಷೆ ಮುಗಿಯೋವರೆಗೆ ಚಿಕ್ಕಮ್ಮನ ಹತ್ರ :)