ಕರ್ಕ್ಸ್‌ವಿಲ್ಲಿನ ವೈದ್ಯಶಾಲೆ

ಅಮೆರಿಕದಲ್ಲಿ ಓದಿಬಂದ ವೈದ್ಯರೊಬ್ಬರ ಹೆಸರಿನ ಮುಂದೆ ‘ಎಂ.ಡಿ.’ ಎಂದಿದ್ದರೆ ತಾವು ಎರಡನೆಯ ಬಾರಿ ನೋಡುವುದಿಲ್ಲ. ‘ಡಿ.ಓ.’ ಎಂದಿದ್ದರೆ? ಇವರು ಪೂರ್ಣ ವೈದ್ಯರೇ ಅಲ್ಲವೇ ಎಂಬ ಸಂಶಯ ಹುಟ್ಟುವುದು ಸಹಜ. ಅಮೆರಿಕದವರಿಗೇ ಈ ಸಂಶಯ ತೀರಲು ಎಂಬತ್ತು ವರ್ಷ ಹಿಡಿಯಿತು. ‘ಆಸ್ಟಿಯೋಪತಿ’ ಎಂಬ ಹೆಸರು ಎಲುಬನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದದ್ದು. ಹಾಗೆಂದು ಇದನ್ನು ಮುರಿದ ಮೂಳೆ ಕಟ್ಟುವ ವಿದ್ಯೆಯೆಂದು ಮಾತ್ರ ತಿಳಿಯಬಾರದು.

ಇದರ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದವನು. ತಂದೆ ಮೆಥಡಿಸ್ಟ್ ಉಪದೇಶಕ, ಜೊತೆಗೆ ವೈದ್ಯ. ಮಗ ವೈದ್ಯ ಕಲಿತದ್ದೂ ಹೆಚ್ಚಾಗಿ ತಂದೆಯ ಹಿಂದೆ ತಿರುಗಿಯೇ. ಆ ಕಾಲದ ಔಷಧಗಳನ್ನು ನೆನೆಸಿಕೊಳ್ಳಿ: ಪಾದರಸದ ಪುಡಿ, ಅಫೀಮು, ಮದ್ಯಸಾರ, ಸಾಲದ್ದಕ್ಕೆ ರಕ್ತ ತೆಗೆಯುವುದು. ರೋಗಕ್ಕಿಂತ ಮದ್ದಿಗೆ ಹೆದರಬೇಕಾದ ದಿನಗಳು. 1864ರಲ್ಲಿ ಸ್ಟಿಲ್ಲನ ಮನೆಗೇ ಮೆದುಳುಪೊರೆಯ ಜ್ವರ ಹೊಕ್ಕಿತು. ಬಲ್ಲ ವೈದ್ಯರೆಲ್ಲ ಬಂದರು, ಮದ್ದು ಕೊಟ್ಟರು. ಮೂವರು ಮಕ್ಕಳು ತೀರಿಕೊಂಡರು. ತಾನು ನಂಬಿದ ವಿದ್ಯೆಯೇ ಹೀಗೆ ಕೈಬಿಟ್ಟ ಮೇಲೆ ಸ್ಟಿಲ್ ಆ ಮದ್ದುಗಳನ್ನು ನಂಬಲಿಲ್ಲ.

ಹತ್ತು ವರ್ಷ ಅವನು ಎಲುಬುಗಳನ್ನೂ ಶರೀರರಚನೆಯನ್ನೂ ಅಭ್ಯಸಿಸಿದ. ದೇಹದಲ್ಲಿಯೇ ಗುಣವಾಗುವ ಶಕ್ತಿಯಿದೆ. ಬೆನ್ನೆಲುಬು, ಕೀಲು, ಸ್ನಾಯುಗಳು ತಮ್ಮ ಸ್ಥಾನ ತಪ್ಪಿದರೆ ರಕ್ತಸಂಚಾರಕ್ಕೆ ತಡೆಯುಂಟಾಗಿ ರೋಗ ಬರುತ್ತದೆ. ಕೈಯಿಂದ ಅದನ್ನು ಸರಿಪಡಿಸಬಹುದು—1874ರಲ್ಲಿ ಅವನು ಸಾರಿದ ತತ್ತ್ವ ಇದು. ಇದರಲ್ಲಿ ಸತ್ಯವೂ ಇತ್ತು, ಅತಿಶಯವೂ ಇತ್ತು. ಎಲ್ಲ ರೋಗಕ್ಕೂ ಒಂದೇ ಮೂಲವೆಂದು ಹೇಳುವವರ ವಿಷಯದಲ್ಲಿ ನಾವು ತುಸು ಎಚ್ಚರವಾಗಿರುವುದೇ ಲೇಸು. ಆದರೆ ವಿಷದಂಥ ಮದ್ದನ್ನು ಕೊಡದೆ ಇದ್ದುದೇ ಆ ಕಾಲದಲ್ಲಿ ದೊಡ್ಡ ಉಪಕಾರ.

ಕಾನ್ಸಾಸಿನಲ್ಲಿ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. 1875ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿಗೆ ಬಂದ. ಹೆಸರು ಹರಡಿ ರೋಗಿಗಳು ರೈಲಿನಲ್ಲಿ ಬರತೊಡಗಿದರು. ಒಬ್ಬನ ಎರಡು ಕೈ ಸಾಲದೆ ಹೋದುವು. 1892ರಲ್ಲಿ ಪುಟ್ಟದೊಂದು ಮರದ ಕಟ್ಟಡದಲ್ಲಿ ಶಾಲೆ ತೆರೆಯಿತು. ಎಡಿನ್‌ಬರೋದಲ್ಲಿ ಓದಿದ ವಿಲಿಯಂ ಸ್ಮಿತ್ ಎಂಬ ವೈದ್ಯ ಶರೀರರಚನೆಯ ಪಾಠ ಹೇಳಿದ. ಮೊದಲ ತರಗತಿಯ 21 ಮಂದಿಯಲ್ಲಿ ಐವರು ಹೆಂಗಸರು. ಅಮೆರಿಕದ ಎಷ್ಟೋ ವೈದ್ಯಶಾಲೆಗಳು ಹೆಂಗಸರಿಗೆ ಬಾಗಿಲು ತೆರೆಯದಿದ್ದ ಕಾಲವದು. ಸರ್ಕಾರದ ಸನ್ನದಿನಂತೆ ಶಾಲೆ ಎಂ.ಡಿ. ಪದವಿಯನ್ನೇ ಕೊಡಬಹುದಾಗಿತ್ತು, ಸ್ಟಿಲ್ ಬೇಡವೆಂದ. ಮುಂದಿನ ಜಗಳಕ್ಕೆಲ್ಲ ಬೀಜ ಈ ಒಂದು ‘ಬೇಡ’ದಲ್ಲಿದೆ.

ಈ ವೈದ್ಯರಿಗೆ ಪರವಾನಗಿ ಕೊಡುವ ಕಾನೂನನ್ನು ಮೊದಲು ಮಾಡಿದ್ದು ವರ್ಮಾಂಟ್, 1896ರಲ್ಲಿ, ಮಿಸೌರಿ ಮರುವರ್ಷ. 1901ರಲ್ಲಿ ನ್ಯೂಯಾರ್ಕಿನ ಶಾಸಕರ ಮುಂದೆ ಇವರ ಪರವಾಗಿ ಮಾತಾಡಲು ಬಂದವನು ಯಾರೆಂದುಕೊಂಡಿರಿ? ಮಾರ್ಕ್ ಟ್ವೇನ್! 1910ರಲ್ಲಿ ಫ್ಲೆಕ್ಸ್‌ನರ್ ತನ್ನ ವರದಿಯಲ್ಲಿ ವೈದ್ಯಶಾಲೆಗಳನ್ನೆಲ್ಲ ಝಾಡಿಸಿದಾಗ ಇವಕ್ಕೂ ಪೆಟ್ಟು ಬಿತ್ತು. 1917ರಲ್ಲಿ ಸ್ಟಿಲ್ ತೀರಿಕೊಂಡ. ಆ ಬಳಿಕ ಶಾಲೆಗಳು ಪ್ರಯೋಗಾಲಯ, ಆಸ್ಪತ್ರೆ, ಕಡೆಗೆ ಔಷಧಶಾಸ್ತ್ರ ಎಲ್ಲವನ್ನೂ ಒಳಕ್ಕೆ ತಂದುಕೊಂಡವು. ಗುರು ಒಪ್ಪುತ್ತಿದ್ದನೋ ಇಲ್ಲವೋ, ಶಿಷ್ಯರು ಮಾಡಿದ್ದು ಸರಿ.

ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಇವರನ್ನು ವೈದ್ಯಾಧಿಕಾರಿಗಳಾಗಿ ಸೇರಿಸಿಕೊಳ್ಳಲಿಲ್ಲ. ಉಳಿದ ವೈದ್ಯರು ರಣರಂಗಕ್ಕೆ ಹೋದಾಗ ಊರಿನ ರೋಗಿಗಳು ಬಂದದ್ದು ಇವರ ಬಾಗಿಲಿಗೆ. ಅವಮಾನವೇ ಅನ್ನ ಕೊಟ್ಟಿತು.

ನಿಜವಾದ ಅಗ್ನಿಪರೀಕ್ಷೆ 1962ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. ಇಲ್ಲಿ ವಿರೋಧಿಗಳು ಬಂದದ್ದು ಸ್ನೇಹದ ಕೈ ಚಾಚಿ. 65 ಡಾಲರ್ ಕಟ್ಟಿ, ಡಿ.ಓ. ಬಿಟ್ಟು ಎಂ.ಡಿ. ತೆಗೆದುಕೊಳ್ಳಿ ಎಂದರು. ಸುಮಾರು ಎರಡು ಸಾವಿರ ಮಂದಿ ತೆಗೆದುಕೊಂಡರು. ಅಲ್ಲಿನ ಆಸ್ಟಿಯೋಪತಿ ಕಾಲೇಜು ಸಾಮಾನ್ಯ ವೈದ್ಯ ಕಾಲೇಜಾಯಿತು, ಹೊಸ ಡಿ.ಓ.ಗಳಿಗೆ ಆ ಸಂಸ್ಥಾನದಲ್ಲಿ ಪರವಾನಗಿ ನಿಂತಿತು. ಅವರನ್ನು ದೂರುವಂತಿಲ್ಲ, ಬದುಕಿಡೀ ‘ನೀವು ನಿಜವಾದ ಡಾಕ್ಟರೇ?’ ಎಂದು ಕೇಳಿಸಿಕೊಂಡವರು ಅವರು. ಆದರೆ ಒಪ್ಪದೆ ಉಳಿದವರ ಕೈಗೆ ಒಂದು ವಾದ ಸಿಕ್ಕಿತು: 65 ಡಾಲರಿಗೆ ಎಂ.ಡಿ. ಆಗುವಷ್ಟು ಯೋಗ್ಯರಾಗಿದ್ದರೆ, ನಿನ್ನೆಯವರೆಗೆ ಅಯೋಗ್ಯರೆಂದದ್ದು ಏತಕ್ಕೆ? ಇದಕ್ಕೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಸೈನ್ಯದ ಬಾಗಿಲು ತೆರೆಸಿದ. 1973ರ ಹೊತ್ತಿಗೆ ಐವತ್ತು ಸಂಸ್ಥಾನಗಳಲ್ಲಿಯೂ ಪೂರ್ಣ ಪರವಾನಗಿ ದೊರೆಯಿತು. 1974ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಕ್ಯಾಲಿಫೋರ್ನಿಯದಲ್ಲಿಯೂ ತಡೆ ಬಿದ್ದುಹೋಯಿತು.

ಕರ್ಕ್ಸ್‌ವಿಲ್ಲಿನ ಶಾಲೆ ಈಗ ಎ. ಟಿ. ಸ್ಟಿಲ್ ವಿಶ್ವವಿದ್ಯಾನಿಲಯದ ಅಂಗ. ಅದಕ್ಕೆ ಅರಿಜೋನದಲ್ಲಿಯೂ ಶಾಖೆಯಿದೆ, ದಂತವೈದ್ಯ ಶಿಕ್ಷಣವೂ ಉಂಟು. ಡಿ.ಓ. ವ್ಯಾಸಂಗ ನಾಲ್ಕು ವರ್ಷ: ಮೊದಲೆರಡು ಬಹುಪಾಲು ಪಾಠಮಂದಿರದಲ್ಲಿ, ಮಿಕ್ಕೆರಡು ಆಸ್ಪತ್ರೆಗಳಲ್ಲಿ. ಅನಂತರದ ಆಸ್ಪತ್ರೆ ತರಬೇತಿಗೆ 2020ರಿಂದ ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ ಮಾನ್ಯತಾ ವ್ಯವಸ್ಥೆ. ಬ್ರಿಟನ್ನಿನ ಆಸ್ಟಿಯೋಪತ್ ಮಾತ್ರ ಬೇರೆ. ಆತ ಕೈಚಿಕಿತ್ಸೆಯವನೇ ಹೊರತು ಔಷಧ, ಶಸ್ತ್ರಚಿಕಿತ್ಸೆಗಳ ವೈದ್ಯನಲ್ಲ.

ಸ್ಟಿಲ್ಲನ ಕೈಚಿಕಿತ್ಸೆ ಏನಾಯಿತೆಂದು ತಾವು ಕೇಳಬಹುದು. ಸೊಂಟನೋವಿಗೆ ಅದರಿಂದ ಸ್ವಲ್ಪ ಗುಣವುಂಟೆಂದು ಪರೀಕ್ಷೆಗಳು ತೋರಿಸಿವೆ. ಇತರ ಅನೇಕ ರೋಗಗಳ ವಿಷಯದಲ್ಲಿ ಆಧಾರ ದುರ್ಬಲ. ಪದವಿ ಪಡೆದ ಮೇಲೆ ಅದನ್ನು ವಿರಳವಾಗಿ ಬಳಸುವವರೇ ಬಹಳ. ಆದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ನೂರಾರು ಗಂಟೆ ಅದನ್ನು ಕಲಿಯುತ್ತಾನೆ, ಪರವಾನಗಿಯ ಪರೀಕ್ಷೆಯಲ್ಲಿ ಅದರ ಪ್ರಶ್ನೆಗಳಿಗೂ ಉತ್ತರ ಬರೆಯುತ್ತಾನೆ.