ಬೆಳಕಿನ ವಿಪಥನ

ಬೆಳಕಿನ ವಿಪಥನ ಎಂದರೆ ವೀಕ್ಷಕನ ಚಲನೆಯಿಂದಾಗಿ ಆಕಾಶಕಾಯವೊಂದು, ನಿಶ್ಚಲ ವೀಕ್ಷಕನಿಗೆ ಕಾಣುವ ದಿಕ್ಕಿನಿಂದ ಸರಿದು, ಚಲನೆಯ ದಿಕ್ಕಿನೆಡೆಗೆ ವಾಲಿದಂತೆ ತೋರುವ ವಿದ್ಯಮಾನ. ಇದೇ ಚಲನೆಯು ಬೆಳಕಿನ ಆವೃತ್ತಿಯನ್ನೂ ಬದಲಿಸುವುದರಿಂದ ಕಾಯದ ತೋರಿಕೆಯ ಸ್ಥಾನದೊಡನೆ ಅದರ ಕೆಂಪು ಪಲ್ಲಟವೂ ವ್ಯತ್ಯಾಸಗೊಳ್ಳುತ್ತದೆ. ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತದಲ್ಲಿ ಈ ಎರಡೂ ಪರಿಣಾಮಗಳು ಒಂದೇ ಗಣಿತೀಯ ರೂಪಾಂತರದಿಂದ ದೊರೆಯುತ್ತವೆ.

ಇತಿಹಾಸ

1725ರ ಡಿಸೆಂಬರಿನಲ್ಲಿ ಸ್ಯಾಮ್ಯುಯೆಲ್ ಮಾಲಿನೊ ಮತ್ತು ಜೇಮ್ಸ್ ಬ್ರಾಡ್ಲಿ ಲಂಡನ್ ಬಳಿಯ ಕ್ಯೂ ಎಂಬಲ್ಲಿ ಡ್ರೇಕೊ ಪುಂಜದ ಗಾಮಾ ನಕ್ಷತ್ರವನ್ನು ವೀಕ್ಷಿಸತೊಡಗಿದರು. ಅವರ ಉದ್ದೇಶ ನಕ್ಷತ್ರದ ಪ್ಯಾರಲಾಕ್ಸನ್ನು ಅಳೆಯುವುದಾಗಿತ್ತು. ನಕ್ಷತ್ರವೇನೋ ಸರಿಯಿತು, ಆದರೆ ಪ್ಯಾರಲಾಕ್ಸಿನ ಲೆಕ್ಕದಂತೆ ಡಿಸೆಂಬರಿನಲ್ಲಿ ಅತ್ಯಂತ ದಕ್ಷಿಣದಲ್ಲಿರಬೇಕಿದ್ದ ಅದು ಮಾರ್ಚಿನಲ್ಲಿ ಅಲ್ಲಿಗೆ ತಲುಪಿತು. ಈ ಸರಿತವು ಭೂಮಿಯ ಸ್ಥಾನವನ್ನಲ್ಲ, ವೇಗವನ್ನು ಅವಲಂಬಿಸಿದೆ ಎಂಬುದನ್ನು ಬ್ರಾಡ್ಲಿ 1729ರಲ್ಲಿ ಪ್ರಕಟಿಸಿದನು. ನೇರವಾಗಿ ಸುರಿಯುವ ಮಳೆಯಲ್ಲಿ ನಡೆಯುವವನು ಕೊಡೆಯನ್ನು ಮುಂದಕ್ಕೆ ಬಾಗಿಸಬೇಕಾಗುವಂತೆ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುವ ಭೂಮಿಯ ಮೇಲಿನ ದೂರದರ್ಶಕವನ್ನೂ ಬಾಗಿಸಬೇಕಾಗುತ್ತದೆ. ಈ ಬಾಗಿನ ಗರಿಷ್ಠ ಪ್ರಮಾಣ 20.5 ಆರ್ಕ್‌ಸೆಕೆಂಡ್. ಭೂಮಿ ಚಲಿಸುತ್ತಿದೆ ಎಂಬುದಕ್ಕೆ ದೊರೆತ ಮೊದಲ ನೇರ ಸಾಕ್ಷ್ಯ ಇದೇ. ಬ್ರಾಡ್ಲಿ ಹುಡುಕುತ್ತಿದ್ದ ಪ್ಯಾರಲಾಕ್ಸನ್ನು ಬೆಸೆಲ್ 1838ರಲ್ಲಿ ಅಳೆದನು.

ಸಾಪೇಕ್ಷತಾ ವಿವರಣೆ

ಮಳೆಯ ಹೋಲಿಕೆ ಕಡಿಮೆ ವೇಗಗಳಿಗೆ ಸಾಕು, ಹೆಚ್ಚಿನ ವೇಗಗಳಿಗೆ ಸಾಲದು. 1905ರಲ್ಲಿ ಐನ್‌ಸ್ಟೈನ್ ಪಡೆದ ಸೂತ್ರದ ಪ್ರಕಾರ, ಬೆಳಕಿನ ಅರ್ಧದಷ್ಟು ವೇಗದಲ್ಲಿ ಸಾಗುವ ವೀಕ್ಷಕನಿಗೆ, ನಿಶ್ಚಲ ವೀಕ್ಷಕನ ಪಾಲಿಗೆ 90 ಡಿಗ್ರಿಯಲ್ಲಿರುವ ನಕ್ಷತ್ರವು ಚಲನೆಯ ದಿಕ್ಕಿನಿಂದ 60 ಡಿಗ್ರಿಯಲ್ಲಿ ಕಾಣುತ್ತದೆ. ಹಳೆಯ ಲೆಕ್ಕದಲ್ಲಿ ಇದು 63.4 ಡಿಗ್ರಿ. ಭೂಮಿಯ ವೇಗದಲ್ಲಿ ಎರಡೂ ಲೆಕ್ಕಗಳ ಅಂತರ ಆರ್ಕ್‌ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ.

ಕೆಂಪು ಪಲ್ಲಟದ ವಿಷಯದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗೊಂದಲಕ್ಕೊಳಗಾಗುವ ಸಂಗತಿಯೊಂದಿದೆ. ‘ಲಂಬ ದಿಕ್ಕಿನ ನಕ್ಷತ್ರ’ ಎಂದಾಗ ಯಾರ ಲಂಬ ಎಂದು ಕೇಳಬೇಕು. ಮೇಲಿನ ಉದಾಹರಣೆಯ ನಕ್ಷತ್ರದ ಬೆಳಕಿನ ಆವೃತ್ತಿ ಚಲಿಸುವ ವೀಕ್ಷಕನಿಗೆ 1.155 ಪಟ್ಟಾಗಿ, ಅಂದರೆ ನೀಲಿಯ ಕಡೆಗೆ ಸರಿದು, ಕಾಣುತ್ತದೆ. ಆದರೆ ಆ ವೀಕ್ಷಕನಿಗೇ 90 ಡಿಗ್ರಿಯಲ್ಲಿ ಕಾಣುವ ಬೇರೊಂದು ನಕ್ಷತ್ರದ ಆವೃತ್ತಿ 0.866 ಪಟ್ಟಿಗೆ ಇಳಿದು ಕೆಂಪಿನ ಕಡೆಗೆ ಸರಿದಿರುತ್ತದೆ. ಎರಡರ ಮೂಲವೂ ಕಾಲದ ಹಿಗ್ಗುವಿಕೆಯೇ. 1938ರಲ್ಲಿ ಐವ್ಸ್ ಮತ್ತು ಸ್ಟಿಲ್‌ವೆಲ್ ವೇಗವಾಗಿ ಸಾಗುವ ಹೈಡ್ರೋಜನ್ ಕಣಗಳ ಬೆಳಕಿನಲ್ಲಿ ಇದನ್ನು ಅಳೆದರು.

ಖಗೋಳ ವೀಕ್ಷಣೆಯಲ್ಲಿ

ಆಂಡ್ರೊಮಿಡಾ ಗ್ಯಾಲಕ್ಸಿ ಸೂರ್ಯನೆಡೆಗೆ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವುದಾಗಿ ಅದರ ರೋಹಿತ ತಿಳಿಸುತ್ತದೆ. ಇದರ ಹೆಚ್ಚಿನ ಪಾಲು ಆಕಾಶಗಂಗೆಯೊಳಗೆ ಸೂರ್ಯನದೇ ಪರಿಭ್ರಮಣೆಯದು. ಅದನ್ನು ಕಳೆದರೆ ಉಳಿಯುವುದು ಸುಮಾರು 110 ಮಾತ್ರ. ಆದ್ದರಿಂದ ಕೆಂಪು ಪಲ್ಲಟದ ಯಾವುದೇ ಪಟ್ಟಿಯನ್ನು ಬಳಸುವ ಮುನ್ನ ಅದು ಯಾವ ಚೌಕಟ್ಟಿನಲ್ಲಿದೆ ಎಂದು ನೋಡುವುದು ಅಗತ್ಯ.

ಸೂರ್ಯನ ವೇಗದ ದಿಕ್ಕು ನಿಧಾನವಾಗಿ ಬದಲಾಗುವುದರಿಂದ ವಿಪಥನವೂ ಬದಲಾಗುತ್ತದೆ. ಗಾಯಾ ಉಪಗ್ರಹದ 2020ರ ದತ್ತಾಂಶದ ಪ್ರಕಾರ ದೂರದ ಕ್ವೇಸಾರ್‌ಗಳು ಆಕಾಶಗಂಗೆಯ ಕೇಂದ್ರದ ಕಡೆಗೆ ವರ್ಷಕ್ಕೆ ಗರಿಷ್ಠ 5 ಮೈಕ್ರೊ ಆರ್ಕ್‌ಸೆಕೆಂಡಿನಷ್ಟು ಜರುಗುವಂತೆ ತೋರುತ್ತವೆ.

ವಿಶ್ವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವು ಆಕಾಶದ ಒಂದು ಬದಿಯಲ್ಲಿ ತುಸು ಬಿಸಿಯಾಗಿ, ಎದುರು ಬದಿಯಲ್ಲಿ ತುಸು ತಣ್ಣಗೆ ಕಾಣುತ್ತದೆ. ಇದನ್ನು ಡಾಪ್ಲರ್ ಪರಿಣಾಮವೆಂದು ಅರ್ಥೈಸಿದರೆ ಸೌರವ್ಯೂಹದ ವೇಗ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್. ಹಾಗಿದ್ದಲ್ಲಿ ವಿಪಥನ ಮತ್ತು ಡಾಪ್ಲರ್ ಪರಿಣಾಮಗಳೆರಡೂ ಸೇರಿ ಮುಂದಿನ ದಿಕ್ಕಿನಲ್ಲಿ ದೂರದ ಗ್ಯಾಲಕ್ಸಿಗಳ ಎಣಿಕೆಯನ್ನು ಸ್ವಲ್ಪ ಹೆಚ್ಚಿಸಬೇಕೆಂದು ಎಲಿಸ್ ಮತ್ತು ಬಾಲ್ಡ್‌ವಿನ್ 1984ರಲ್ಲಿ ತೋರಿಸಿದರು. ನೇಥನ್ ಸೆಕ್ರೆಸ್ಟ್ ಮತ್ತು ಸಹೋದ್ಯೋಗಿಗಳು 13 ಲಕ್ಷಕ್ಕೂ ಹೆಚ್ಚು ಕ್ವೇಸಾರ್‌ಗಳನ್ನು ಎಣಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ದಿಕ್ಕು ಬಹುಮಟ್ಟಿಗೆ ಹೊಂದಿದರೂ ಹೆಚ್ಚಳ ನಿರೀಕ್ಷೆಯ ಎರಡು ಪಟ್ಟಿಗೂ ಮೀರಿದೆ. ಇದು ಎಣಿಕೆಯ ದೋಷವೋ, ವಿಶ್ವವು ಎಲ್ಲ ದಿಕ್ಕುಗಳಲ್ಲೂ ಏಕರೂಪವೆಂಬ ಗ್ರಹಿಕೆಯ ದೋಷವೋ ಎಂಬ ಚರ್ಚೆ ಮುಂದುವರಿದಿದೆ.