ಬೋರ್ಡು ಉರ್ದು, ಪಾಠ ಕನ್ನಡ

ಓದುಗರ ಕಣ್ಣು ಹಿಡಿಯುವಂಥ ತಲೆಬರಹ ಕೊಡೋದು ಟಿವಿ ಚಾನೆಲ್ಲುಗಳು ಕಂಡುಹಿಡಿದ ವಿದ್ಯೆ ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿದ್ದೀವಿ. ಇತಿಹಾಸ ಬೇರೆಯೇ ಹೇಳುತ್ತೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರುವಾದದ್ದು 1843ರ ಜುಲೈ 1ರಂದು. ಸಂಪಾದಕ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನ ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ಊರಿನ ಸುದ್ದಿ, ಕಂಪನಿ ಸರಕಾರದ ಕಾನೂನು, ಕಥೆ ಎಲ್ಲಾ ಅದರಲ್ಲಿರುತ್ತಿತ್ತು. ಕನ್ನಡದಲ್ಲಿ ಅದಕ್ಕೆ ಪೈಪೋಟಿ ಕೊಡೋಕೆ ಇನ್ನೊಂದು ಪತ್ರಿಕೆಯೇ ಇರಲಿಲ್ಲ. ಹಾಗಾಗಿ ತಲೆಬರಹಕ್ಕೆ ಅಡುಗೆಮನೆ ಡಬ್ಬಿ ಮೇಲಿನ ಚೀಟಿಯಷ್ಟೇ ಕೆಲಸ: ಒಳಗೇನಿದೆ ಅಂತ ಹೇಳಿದರೆ ಸಾಕು.

ಚೀಟಿಗೆ ಖಾರ ಬಂದದ್ದು ಹೇಗೆ ಅಂತ ನೋಡೋಕೆ ನಮ್ಮ ಪಕ್ಕದ ಮರಾಠಿಗೆ ಹೋಗಬೇಕು. ನಮ್ಮ ಮೆಹಕರ ಇರೋದು ಭಾಲ್ಕಿ ಸೀಮೆಯಲ್ಲಿ, ಇಲ್ಲಿ ಮರಾಠಿ ಯಾರಿಗೂ ಪರಭಾಷೆ ಅನಿಸೋದಿಲ್ಲ. 1897ರಲ್ಲಿ ಪುಣೆಯ ಪ್ಲೇಗಿನ ದಿನಗಳಲ್ಲಿ ತಿಲಕರು ‘ಕೇಸರಿ’ಯಲ್ಲಿ ಒಂದು ಸಂಪಾದಕೀಯ ಬರೆದರು. ಅದರ ತಲೆಬರಹವನ್ನು ಕನ್ನಡದಲ್ಲಿ ಹೇಳೋದಾದರೆ ‘ಸರಕಾರದ ತಲೆ ನೆಟ್ಟಗಿದೆಯೇ?’. ಇವತ್ತಿಗೂ ಮರಾಠಿಯವರ ಬಾಯಲ್ಲಿರೋ ಮಾತು ಅದು. 1908ರಲ್ಲಿ ಅವರ ಮೇಲೆ ರಾಜದ್ರೋಹದ ಕೇಸು ಹಾಕಿಸಿದ ಲೇಖನಗಳ ಹೆಸರು ಮಾತ್ರ ತಣ್ಣಗಿದ್ದವು: ‘ದೇಶದ ದುರ್ದೈವ’, ‘ಈ ಉಪಾಯಗಳು ಬಾಳಿಕೆ ಬರುವಂಥವಲ್ಲ’. ಶಿಕ್ಷೆ ಆರು ವರ್ಷ, ಮಂಡಾಲೆ ಜೈಲು. ತಣ್ಣಗಿದ್ದರೇನು, ಬಿಸಿಯಿದ್ದರೇನು, ಮೇಲೆ ಹೇಳಿದ್ದನ್ನೇ ಕೆಳಗೂ ಬರೆದಿದ್ದರು. ಅದಕ್ಕೆ ಬೆಲೆಯನ್ನೂ ಕೊಟ್ಟರು.

ಈಗ ನಮ್ಮೂರ ಕಡೆಯ ಕಥೆಗೆ ಬರ್ತೀನಿ. ಇಲ್ಲಿ ಹೆಸರೊಂದು, ಒಳಗಿನ ಹೂರಣ ಇನ್ನೊಂದು!

ಆಗ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯಲ್ಲೂ ಉರ್ದು, ಶಾಲೆಯಲ್ಲೂ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890-1999) ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ನಮ್ಮ ಭಾಗದಲ್ಲಿ ಇದನ್ನು ಕೇಳದೆ ಬೆಳೆದವರಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ಕನ್ನಡ ನಾಡಿಗೆ ಸೇರಿತು. ಅಷ್ಟರವರೆಗೆ ಈ ಮೂಲೆಯಲ್ಲಿ ಕನ್ನಡ ಉಳಿದಿದ್ದರ ಹಿಂದೆ ಅಂಥ ಬೋರ್ಡಿನ ಋಣವೂ ಇದೆ.

ನಾನು ದಿನಾ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಫಂಕ್ಷನ್ನಿನ ಹೆಸರು ಒಂದು ಹೇಳಿ ಒಳಗೆ ಇನ್ನೊಂದು ಮಾಡಿದರೆ ನಮ್ಮಲ್ಲಿ ಅದನ್ನು ತಪ್ಪು ಅಂತಾರೆ. ಹಾಗಾದರೆ ಪಟ್ಟದ್ದೇವರ ಬೋರ್ಡು?

ಲೆಕ್ಕ ಹಾಕಿ ನೋಡಿ. ಆ ಬೋರ್ಡು ಇದ್ದದ್ದು ಕಣ್ಣು ಸೆಳೆಯೋಕಲ್ಲ, ಕಣ್ಣು ತಪ್ಪಿಸೋಕೆ. ಅದರಿಂದ ಏಮಾರಿದವರು ಅಧಿಕಾರದಲ್ಲಿದ್ದವರು. ಒಳಗೆ ಬಂದು ಕೂತ ಮಗುವಿಗೆ ಬೋರ್ಡು ಹೇಳಿದ್ದಕ್ಕಿಂತ ದೊಡ್ಡದೇ ಸಿಕ್ಕಿತು. ‘ಇದನ್ನು ಓದಿದರೆ ಬೆಚ್ಚಿಬೀಳ್ತೀರಿ’ ಅನ್ನೋ ಇವತ್ತಿನ ತಲೆಬರಹಗಳದ್ದು ತಿರುಗುಮುರುಗು: ನಂಬಿ ಒಳಗೆ ಬಂದವನೇ ಬರಿಗೈಲಿ ವಾಪಸ್ ಹೋಗ್ತಾನೆ. ಇನ್ನೊಂದು ಸಲ ಆತ ನಿಜವಾದ ಸುದ್ದಿಯನ್ನೂ ನಂಬೋದಿಲ್ಲ.

ಹಾಗಾಗಿ ತಲೆಬರಹ ಸಪ್ಪೆಯೋ ಖಾರವೋ ಅನ್ನೋದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅನ್ಸುತ್ತೆ: ಬಾಗಿಲು ದಾಟಿ ಬಂದವರಿಗೆ ಒಳಗೆ ಏನಿಟ್ಟಿದ್ದೀವಿ? ನೀವೇನಂತೀರಿ?